ಚಳಿಗೆ ಏಳದ ಟಿವಿ

ಜನವರಿ 10, 2026, ಶನಿವಾರ ರಾತ್ರಿ

ಟಿವಿ ಬಂತು. ಒಳಗೆ ಅಮ್ಮನ ಧಾರಾವಾಹಿ ಓಡುತ್ತಿದೆ. ಖುಷಿಯಾಗಿರಬೇಕಿತ್ತು. ಆದರೆ ತಮ್ಮ ಮಂಜು ಫೋನಿನಲ್ಲಿ ಹೇಳಿದ್ದು ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೇ ಬರೆಯಲು ಕೂತೆ.

ಚಳಿ ಶುರುವಾದಾಗಿನಿಂದ ಈ ಟಿವಿ ಆಟ ಆಡಿಸುತ್ತಿತ್ತು. ಬೆಳಿಗ್ಗೆ ಹಾಕಿದರೆ ಕೆಂಪು ದೀಪ ಮಿಣುಕುತ್ತದೆ, ಟಿಕ್ ಟಿಕ್ ಅನ್ನುತ್ತದೆ, ಪರದೆ ಮಾತ್ರ ಕಪ್ಪು. ಮಧ್ಯಾಹ್ನ ಹಾಕಿದರೆ ಸಲೀಸಾಗಿ ಬರುತ್ತದೆ. "ಅದಕ್ಕೂ ಚಳಿ ಕಣೇ, ಬಿಸಿಲು ಬಂದ ಮೇಲೆ ಏಳುತ್ತೆ" ಅಂತ ಅಮ್ಮ. ಸರ್ವಿಸ್ ಸೆಂಟರಿನ ಹುಡುಗ ಇದನ್ನು ಕೇಳಿ ನಕ್ಕ. ಬೋರ್ಡ್ ಹೋಗಿದೆ, ಈ ಮಾಡೆಲ್‌ಗೆ ಈಗ ಬೋರ್ಡ್ ಸಿಗೋದಿಲ್ಲ, ಎಕ್ಸ್‌ಚೇಂಜಿಗೆ ಹಾಕಿಬಿಡಿ ಅಂದ. ವಿಸಿಟ್ ಚಾರ್ಜ್ ತಗೊಂಡು ಹೋದ.

ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಬೋರ್ಡಿನ ಮೇಲೆ ಕರೆಂಟನ್ನು ಕೂಡಿಟ್ಟು ಸಮವಾಗಿ ಕೊಡುವ ಪುಟ್ಟ ಡಬ್ಬಿಗಳಿರುತ್ತವೆ, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಅಂತ. ಅದರ ಒಳಗೆ ಇರುವುದು ಸುರುಳಿ ಸುತ್ತಿದ ಅಲ್ಯೂಮಿನಿಯಂ ಹಾಳೆ, ನಡುವೆ ಒಂದು ದ್ರವದಲ್ಲಿ ನೆನೆಸಿದ ಕಾಗದ. ವರ್ಷಗಟ್ಟಲೆ ಬಿಸಿಗೆ ಆ ದ್ರವ ಒಣಗುತ್ತಾ ಬರುತ್ತದೆ. ಆಗ ಒಳಗಿನ ಪ್ರತಿರೋಧ, ಇಎಸ್‌ಆರ್ ಅಂತಾರಲ್ಲ, ಅದು ಏರುತ್ತದೆ. ಉಳಿದ ಚೂರುಪಾರು ದ್ರವ ಚಳಿಯಲ್ಲಿ ಇನ್ನೂ ಮಂಕಾಗುತ್ತದೆ, ಬೆಚ್ಚಗಾದರೆ ಸ್ವಲ್ಪ ಚುರುಕಾಗುತ್ತದೆ. ಅನುಮಾನ ಬಂದು, ಮೊನ್ನೆ ರಾತ್ರಿ ಪ್ಲಗ್ ಕಿತ್ತು, ಟಿವಿಯ ಬೆನ್ನಿನ ಗಾಳಿಕಿಂಡಿಗೆ ಹೇರ್ ಡ್ರೈಯರ್ ಹಿಡಿದೆ. ಆಮೇಲೆ ಪ್ಲಗ್ ಹಾಕಿದರೆ ತಟ್ಟನೆ ಬಂತು. ಅಮ್ಮ "ನಾನು ಹೇಳಿರಲಿಲ್ವಾ" ಅಂದಳು. ಹೇಳಿದ್ದಳು.

ಬಿಚ್ಚಿದಾಗ ಪವರ್ ಬೋರ್ಡಿನಲ್ಲಿ ಎರಡು ಕೆಪಾಸಿಟರ್ ತಲೆ ಪೂರಿಯ ಹಾಗೆ ಉಬ್ಬಿತ್ತು. ಆ ತಲೆಯ ಮೇಲೆ ಗೀಟು ಕೊರೆದಿರುವುದೇ ಇದಕ್ಕೆ. ಒಳಗೆ ಗ್ಯಾಸ್ ತುಂಬಿದರೆ ಡಬ್ಬಿ ಸಿಡಿಯುವ ಬದಲು ಅಲ್ಲಿ ಬಿರುಕು ಬಿಡಲಿ ಅಂತ. ಮೂರನೆಯದು ನೋಡಲು ಸರಿಯಾಗಿಯೇ ಇತ್ತು. ಅದೇ ಲೈನಿನಲ್ಲಿತ್ತಲ್ಲ, ಅದನ್ನೂ ಕಿತ್ತೆ.

ಇವತ್ತು ಬೆಂಗಳೂರಿನ ಎಸ್‌ಪಿ ರೋಡ್‌ಗೆ, ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳ ಬೀದಿಗೆ, ಹೋದೆ. ಟೌನ್ ಹಾಲ್ ಹತ್ತಿರ ಇಳಿದು ನಡೆದರೆ ಆಯಿತು. ಕಾಲೇಜಿನಲ್ಲಿ 555, 7805 ಅನ್ನೋ ಚಿಪ್‌ಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ಅದೇ ಓಣಿ. ಅಂಗಡಿ ಮುಂದೆ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ. ಗಲ್ಲೆಯ ಹತ್ತಿರ ಇದ್ದ ಹುಡುಗ "ಏನ್ ಮೇಡಂ, ಮಗನ ಪ್ರಾಜೆಕ್ಟಾ?" ಅಂದ. ಮಗನೂ ಇಲ್ಲ, ಪ್ರಾಜೆಕ್ಟೂ ಇಲ್ಲ. ಬಿಇ ಎಲೆಕ್ಟ್ರಾನಿಕ್ಸ್ ಓದಿ ಎಕ್ಸೆಲ್ ಶೀಟ್ ತುಂಬುವ ಕೆಲಸ ಮಾಡ್ತಿದ್ದೀನಪ್ಪಾ ಅಂತ ಅವನಿಗೆ ಹೇಳಿ ಏನು ಪ್ರಯೋಜನ? "ಥೌಸಂಡ್ ಬೈ ಟೆನ್, ಮೂರು ಕೊಡಿ. ಲೋ ಇಎಸ್‌ಆರ್, 105 ಡಿಗ್ರಿದು" ಅಂದೆ. ಅಂದರೆ ಸಾವಿರ ಮೈಕ್ರೋಫ್ಯಾರಡ್ ಹಿಡಿಯುವಂಥದ್ದು, 10 ವೋಲ್ಟಿನದು, 105 ಡಿಗ್ರಿ ಬಿಸಿ ತಡೆಯುವಂಥದ್ದು. ಒಳಗೆ ಕೂತಿದ್ದ ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

"ಹಳೇದು ತಂದಿದ್ದೀರಾ?"

ಪೊಟ್ಟಣ ಬಿಚ್ಚಿ ಕೊಟ್ಟೆ. ಉಬ್ಬಿದ ಎರಡನ್ನು ಅವರು ಪಕ್ಕಕ್ಕೆ ಸರಿಸಿದರು. ಸರಿಯಾಗಿ ಕಾಣುತ್ತಿದ್ದ ಮೂರನೆಯದನ್ನು ಬೆರಳಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿದರು. ಒಂದು ಬದಿಯಲ್ಲಿ ಮೇಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೇಲಿನ ಅಂಚಿನಲ್ಲಿ ಮುದುಡಿಕೊಂಡಿತ್ತು. ಇನ್ನೊಂದು ಬದಿಯಲ್ಲಿ ಅಕ್ಷರಗಳೆಲ್ಲ ಹೊಳೆಯುತ್ತಿದ್ದವು.

"ಈ ಕಡೆ ಹೀಟ್‌ಸಿಂಕ್ ಇತ್ತಲ್ವಾ?"

ಹೀಟ್‌ಸಿಂಕ್ ಅಂದರೆ ಬಿಸಿ ಹೊರಹಾಕಲು ಬೋರ್ಡಿನಲ್ಲಿರುವ ಲೋಹದ ತುಂಡು. ಬೋರ್ಡನ್ನು ಅವರು ನೋಡೇ ಇಲ್ಲ! ಹೌದು ಸರ್, ಅಂಟಿಕೊಂಡ ಹಾಗೇ ಇದೆ ಅಂದೆ. ಅವರು ಅದನ್ನು ಟೆಸ್ಟರಿಗೆ ಸಿಕ್ಕಿಸಿದರು. 1000 ಇರಬೇಕಾದದ್ದು 640 ಮೈಕ್ರೋಫ್ಯಾರಡ್, ಇಎಸ್‌ಆರ್ 4 ಓಮ್ ಮೇಲೆ. ಹೊಸದನ್ನು ಸಿಕ್ಕಿಸಿದರೆ 0.05. "ಉಬ್ಬಿರೋದು ಮಾತ್ರ ಕೆಟ್ಟಿದೆ ಅಂತ ಎಲ್ರೂ ಅಂದ್ಕೋತಾರೆ. ಕಳ್ಳ ಇವನು" ಅಂತ ಹೇಳಿ ಅದನ್ನು ನನ್ನ ಕಡೆ ಉರುಳಿಸಿದರು.

ಆಮೇಲೆ ಬೇರೆ ಗಿರಾಕಿಗಳನ್ನೆಲ್ಲ ಹುಡುಗನಿಗೆ ಬಿಟ್ಟು ಮಾತಿಗೆ ಕೂತರು. 10 ವೋಲ್ಟ್ ಯಾಕೆ, 25 ಹಾಕಿ. ವೋಲ್ಟ್ ಜಾಸ್ತಿ ಆದರೆ ತೊಂದರೆ ಇಲ್ಲ, ಕಮ್ಮಿ ಆಗಬಾರದು. ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ದಪ್ಪ ನೋಡ್ಕೊಳ್ಳಿ, ಜಾಗದಲ್ಲಿ ಕೂರಬೇಕು. ಹೀಗೆ. ಡ್ರಾಯರಿನಿಂದ ಒಂದು ಸೀಳಿದ ಕೆಪಾಸಿಟರ್ ತೆಗೆದು ತೋರಿಸಿದರು. ಹೊರಗೆ ಹೆಬ್ಬೆರಳು ಗಾತ್ರದ ಡಬ್ಬಿ, ಜಪಾನಿನ ದೊಡ್ಡ ಹೆಸರು. ಒಳಗೆ ಕಿರುಬೆರಳಿಗಿಂತ ಸಣ್ಣದೊಂದು ಬೇರೆ ಕೆಪಾಸಿಟರ್ ಕೂತಿತ್ತು. ದೊಡ್ಡ ಡಬ್ಬಿ ಬರೀ ವೇಷ. "ಕೈಯಲ್ಲಿ ತೂಕ ನೋಡಿ ತಗೊಳ್ಳಿ ಮೇಡಂ, ಹೆಸರು ನೋಡಿ ಅಲ್ಲ."

ಈಗ ವ್ಯಾಪಾರ ಹೇಗಿದೆ ಸರ್ ಅಂದೆ. "ಕಂಡೆನ್ಸರ್ ಯಾರು ಕೇಳ್ತಾರೆ? ಫ್ಯಾನಿಗೆ ಕೇಳ್ತಾರೆ. ಮಿಕ್ಕವರೆಲ್ಲ ಬೋರ್ಡೇ ಬೇಕು ಅಂತಾರೆ." ಕೆಪಾಸಿಟರಿಗೇ ಅವರು ಕಂಡೆನ್ಸರ್ ಅನ್ನುವುದು. ದುಃಖದಲ್ಲಿ ಹೇಳಲಿಲ್ಲ. ಬೋರ್ಡನ್ನೂ ಅವರೇ ಮಾರುತ್ತಾರೆ. ಮೂರಕ್ಕೂ ಸೇರಿ ನಾನು ಕೊಟ್ಟಿದ್ದು ಎರಡು ಕಾಫಿಯ ದುಡ್ಡು.

ಸಂಜೆ ಊಟದ ಮೇಜಿನ ಒಂದು ಕೊನೆಯಲ್ಲಿ ಅಮ್ಮ ಹಿತಕಿದ ಬೇಳೆ ಮಾಡುತ್ತಾ ಕೂತಳು, ಇನ್ನೊಂದು ಕೊನೆಯಲ್ಲಿ ನಾನು ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಕೂತೆ. ದೊಡ್ಡ ಕೆಪಾಸಿಟರ್ ಒಂದಿದೆ, 450 ವೋಲ್ಟಿನದು. ಅದನ್ನು ಮುಟ್ಟುವಾಗ ಮಾತ್ರ ಹುಷಾರು. 230 ವೋಲ್ಟ್ ಎಸಿ ಡಿಸಿ ಆಗಿ ಅದರಲ್ಲಿ 300ಕ್ಕೂ ಮೀರಿ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. ಬೋರ್ಡ್ ಬಿಚ್ಚಿದ ದಿನವೇ ಹಳೇ ಬಲ್ಬಿನ ಹೋಲ್ಡರಿನ ಎರಡು ವೈರ್ ಅದರ ಕಾಲಿಗೆ ತಾಗಿಸಿದ್ದೆ. ಬಲ್ಬ್ ಒಂದು ಸಲ ಹೊಳೆದು ಆರಿತ್ತು. ಇವತ್ತು ಮೀಟರ್ ಹಿಡಿದು ಇನ್ನೊಮ್ಮೆ ನೋಡಿದೆ. ಸೊನ್ನೆ. ಹಳೆಯವು ಕೂತಿದ್ದ ಜಾಗದಿಂದ ಬಿಸಿಗೆ ಮೀನಿನಂಥ ವಾಸನೆ ಎದ್ದಿತು, ಕೆಳಗೆ ಸೋರಿದ ದ್ರವ. ಅವರೆಕಾಯಿ ಸೊಗಡಿನ ಜೊತೆ ಸೇರಿ ಅಮ್ಮ ಮೂಗು ಮುಚ್ಚಿಕೊಂಡಳು. ಸ್ಪಿರಿಟ್‌ನಲ್ಲಿ ಒರೆಸಿ, ಬಿಳಿ ಪಟ್ಟಿ ಇರುವ ಕಾಲು ಮೈನಸ್‌ಗೆ ಹೋಗಿದೆಯಾ ಅಂತ ಮೊದಲೇ ತೆಗೆದಿಟ್ಟ ಫೋಟೋ ಜೊತೆ ಹೋಲಿಸಿ, ಬೆಸುಗೆ ಹಾಕಿದೆ. ಬಂತು. ಅಷ್ಟೇ.

ಮಂಜುಗೆ ಹೇಳೋಣ ಅಂತ ಫೋನ್ ಮಾಡಿದ್ದು. ಹೊಗಳುತ್ತಾನೆ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಹೀಟ್‌ಸಿಂಕ್ ಪಕ್ಕ ಕೂರಿಸಿದ್ದಾರೆ ಕಣೋ, ಯಾವ ತಲೆಕೆಟ್ಟವನು ಡಿಸೈನ್ ಮಾಡಿದ್ದು ಅಂದೆ.

"ನಾನಾದ್ರೂ ಅಲ್ಲೇ ಕೂರಿಸ್ತಿದ್ದೆ ಅಕ್ಕ" ಅಂದ.

ಆಮೇಲೆ ಲೆಕ್ಕ ಶುರು ಮಾಡಿದ. ಬೋರ್ಡ್ ಡಿಸೈನ್ ಮಾಡೋದೇ ಇವನ ಕೆಲಸ ಅಲ್ವಾ. ಡಬ್ಬಿಯ ಮೇಲೆ 105 ಡಿಗ್ರಿ ಅಂತಿದ್ದರೆ, ಅಗ್ಗದ್ದಾದರೆ ಆ ಬಿಸಿಯಲ್ಲಿ 2000 ಗಂಟೆ ಬಾಳಿಕೆ ಅಂತಿರುತ್ತದೆ. ಪ್ರತಿ 10 ಡಿಗ್ರಿ ಕಡಿಮೆಯಾದರೆ ಆಯಸ್ಸು ದುಪ್ಪಟ್ಟು. 85ರಲ್ಲಿ 8000 ಗಂಟೆ. ದಿನಕ್ಕೆ 6 ಗಂಟೆ ಟಿವಿ ನೋಡಿದರೆ ಮೂರೂವರೆ ವರ್ಷದ ಮೇಲೆ ಸ್ವಲ್ಪ. 65ಕ್ಕೆ ಇಳಿಸಿದರೆ 32,000 ಗಂಟೆ, ಹದಿನಾಲ್ಕು ವರ್ಷ ದಾಟುತ್ತದೆ. "ಅಂದರೆ ಆ 20 ಡಿಗ್ರೀಲಿ ಹತ್ತಿರ ಹತ್ತಿರ ಹನ್ನೊಂದು ವರ್ಷ ಇದೆ. ಅದು ಎಲ್ಲರಿಗೂ ಗೊತ್ತು. ಗ್ಯಾರಂಟಿ ಎಷ್ಟು ವರ್ಷ ಅಂತ ಒಬ್ಬ ಬಂದು ಹೇಳ್ತಾನೆ, ಬೋರ್ಡ್ ಎಷ್ಟು ದೊಡ್ಡದಿರಬೇಕು ಅಂತ ಇನ್ನೊಬ್ಬ ಹೇಳ್ತಾನೆ. ನಾನು ಮಧ್ಯೆ ಕೂರಿಸ್ತೀನಿ."

"ನಿನ್ನ ಬೋರ್ಡ್ ಹಾಳಾದಾಗ ಯಾರ ಮನೆ ಅಮ್ಮ ಬಿಸಿಲಿಗೆ ಕಾಯ್ತಾಳೋ" ಅಂದೆ.

"ನಿಮ್ಮ ಅಮ್ಮನಿಗೆ ಗೋಡೆ ಸ್ವಿಚ್ ಆಫ್ ಮಾಡಕ್ಕೆ ಹೇಳು ಮೊದಲು" ಅಂದ. ನಿಮ್ಮ ಅಮ್ಮ ಅಂತೆ! ನಿನ್ನ ಅಮ್ಮ ಯಾರೋ ಹಾಗಾದರೆ? ಆದರೆ ಅವನು ಹೇಳಿದ್ದು ಸರಿ. ರಿಮೋಟ್‌ನಲ್ಲಿ ಆರಿಸಿದರೆ ಕೆಂಪು ದೀಪದ ಲೈನ್ ಆರುವುದಿಲ್ಲ. ಈ ಮೂರು ಕೂತಿದ್ದದ್ದು ಅದೇ 5 ವೋಲ್ಟಿನ ಲೈನಿನಲ್ಲಿ. ರಾತ್ರಿ ಅಷ್ಟು ಬಿಸಿ ಇರುವುದಿಲ್ಲ ನಿಜ, ಆದರೂ ದಿನದ 24 ಗಂಟೆಯೂ ಕೆಲಸ. ಅಪ್ಪ ಇದ್ದಾಗ ಮಲಗುವ ಮುಂಚೆ ಎಲ್ಲಾ ಸ್ವಿಚ್ ಆರಿಸುತ್ತಿದ್ದರು, ಕರೆಂಟ್ ಬಿಲ್ಲಿಗೆ. ಅವರು ಹೋದ ಮೇಲೆ ಆ ಸ್ವಿಚ್ ಯಾರೂ ಮುಟ್ಟಿಲ್ಲ ಅಂತ ಈಗ ಹೊಳೆಯುತ್ತಿದೆ.

ಫೋನ್ ಇಡುವಾಗ ಮಂಜು ಕೇಳಿದ. "ಸರಿ, ನೀನಾಗಿದ್ದರೆ ಎಲ್ಲಿ ಕೂರಿಸ್ತಿದ್ದೆ? ಫೋಟೋ ಇದೆಯಲ್ಲ, ನೋಡಿ ಹೇಳು."

ಆಗಿನಿಂದ ಅದೇ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದೇನೆ. ಬಲಗಡೆ ಕನೆಕ್ಟರ್ ಹತ್ತಿರ ಜಾಗ ಇದೆ. ಹೀಟ್‌ಸಿಂಕಿನಿಂದ ಎರಡು ಬೆರಳು ದೂರ, ಗಾಳಿಕಿಂಡಿಯೂ ಅಲ್ಲೇ. ಆದರೆ ಅಲ್ಲಿಗೆ ತಾಮ್ರದ ಟ್ರ್ಯಾಕ್ ಎಳೆದರೆ ಉದ್ದವಾಗುತ್ತದೆ, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡಿನಿಂದ ದೂರವಾದಷ್ಟೂ ರಿಪಲ್, ಅಂದರೆ ವೋಲ್ಟಿನ ಏರಿಳಿತ, ಜಾಸ್ತಿ. ಆಗ ಅಲ್ಲೊಂದು ಸಣ್ಣ ಸೆರಾಮಿಕ್ ಕೆಪಾಸಿಟರ್ ಹಾಕಬೇಕು. ಹಾಕಬಹುದು, ಆದರೆ ಅದಕ್ಕೂ ದುಡ್ಡು, ಅವನು ಹೇಳೋದು ಅದನ್ನೇ. ಇಲ್ಲ, ಹೀಟ್‌ಸಿಂಕನ್ನೇ ತಿರುಗಿಸಿದರೆ? ಉದ್ದಕ್ಕೆ ಇರುವುದನ್ನು ಅಡ್ಡಕ್ಕೆ ಮಾಡಿದರೆ ಆ ಸ್ಕ್ರೂ ತೂತು ಒಂದು