ವಿಜಯಪುರದ ಕರಿಕಲ್ಲು, ಬಾದಾಮಿಯ ಕೆಂಗಲ್ಲು: ಒಂದು ದಿನದ ತಿರುಗಾಟ

ವಿಜಯಪುರಕ್ಕೆ ಹೋದವರು ಗುಮ್ಮಟ ನೋಡುತ್ತಾರೆ. ನಾವು ಡಿಸೆಂಬರಿನಲ್ಲಿ ಅದರ ಕಲ್ಲು ನೋಡಲು ಹೋದೆವು. ಅಕ್ಕನ ಮಗ ಸೂಪರ್ ಜ್ವಾಲಾಮುಖಿಯ, ಅಂದರೆ ಭಾರೀ ದೊಡ್ಡದಾಗಿ ಸಿಡಿಯುವ ಜ್ವಾಲಾಮುಖಿಯ, ವಿಡಿಯೊ ನೋಡಿ, "ಮಾಮಾ, ನಮ್ಮ ಕಡೆನೂ ಇತ್ತೇನು?" ಎಂದು ಬೆನ್ನು ಹತ್ತಿದ್ದ.

ಗೋಳಗುಮ್ಮಟಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಶಾಲೆ ಬಸ್ಸುಗಳು ಬಂದ ಮೇಲೆ ಮೇಲಿನ ಗ್ಯಾಲರಿಯಲ್ಲಿ ಪಿಸುಮಾತಲ್ಲ, ಬರೀ ಕೂಗಾಟ. ಕಲ್ಲು ನೋಡಲಿಕ್ಕಾದರೆ ನನಗೆ ಬಾರಾಕಮಾನೇ ಹೆಚ್ಚು ಇಷ್ಟ. ಕೆಲಸ ಅರ್ಧಕ್ಕೆ ನಿಂತ ಕಟ್ಟಡ, ಕಪ್ಪು ಕಮಾನುಗಳು ಬರಿಮೈಯಲ್ಲೇ ನಿಂತಿವೆ. ಅದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಆರಿ ಆದ ಕಲ್ಲು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಾಸಿಕೊಂಡಿದೆ. ಮಹಾಬಳೇಶ್ವರದ ಕಡೆ ಬಹಳ ದಪ್ಪ, ನಮ್ಮ ಕಡೆ ಅಂಚು.

ಊರ ಹೊರಗಿನ ಹಳ್ಳದ ಕಲ್ಲುಗಳಲ್ಲಿ ಸಣ್ಣ ತೂತು ಹುಡುಕಿ. ಲಾವಾದೊಳಗಿನ ಗಾಳಿಗುಳ್ಳೆಗಳ ಗುರುತು ಅವು. ಮಳೆ ಬಿದ್ದಿದ್ದರೆ ಮಾತ್ರ ಎರೆ ಹೊಲಕ್ಕೆ ಇಳಿಯಬೇಡಿ. ನಾನು ಇಳಿದೆ, ಒಂದು ಚಪ್ಪಲಿ ಅಲ್ಲೇ ಉಳಿಯಿತು. ಬಿಳಿಜೋಳ ಬೆಳೆಯುವ ಆ ಕರಿಮಣ್ಣೂ ಇದೇ ಕಲ್ಲು ಸವೆದು ಆದದ್ದು.

ಕೊಲ್ಹಾರದಲ್ಲಿ ಮೊಸರು ತಿನ್ನದೆ ಮುಂದೆ ಹೋಗಬೇಡಿ. ಅಲ್ಲೇ ಹುಡುಗನ ಪ್ರಶ್ನೆಗೆ ಅಕ್ಕ ಉತ್ತರ ಕೊಟ್ಟಳು: "ಹಾಲು ಉಕ್ಕಿದರ ಒಲಿ ತುಂಬ ಹರೀತದ. ನುಚ್ಚು ಕುದ್ದರ ಕೈಗೆ ಸಿಡೀತದ." ಅಷ್ಟೇ ವ್ಯತ್ಯಾಸ ನೋಡಿ. ನಮ್ಮ ಲಾವಾ ತೆಳು, ಉಕ್ಕಿ ಹರಿಯಿತು. ಸೂಪರ್ ಜ್ವಾಲಾಮುಖಿಯದು ಅಂಟು ಪಾಕ. ಅನಿಲ ಹೊರಗೆ ಹೋಗಲಾಗದೆ ಒತ್ತಡ ಏರುತ್ತದೆ, ಮೇಲಿನ ನೆಲ ಸುತ್ತಲೂ ಬಿರಿಯುತ್ತದೆ. ಪಾಕ ಸಿಡಿದು ಕೆಳಗೆ ಖಾಲಿಯಾದಾಗ ನೆಲವೇ ಕುಸಿಯುತ್ತದೆ. ಇಂಡೋನೇಷ್ಯಾದ ತೋಬಾ ಸರೋವರ ಅಂಥದ್ದೇ ಕುಳಿ, ಉದ್ದ ಸುಮಾರು 100 ಕಿಲೋಮೀಟರ್. ಸುಮಾರು 74,000 ವರ್ಷಗಳ ಹಿಂದೆ ಅಲ್ಲಿಂದ ಹಾರಿದ ಬೂದಿ ಆಂಧ್ರದ ಜ್ವಾಲಾಪುರಂನಲ್ಲಿ ಇವತ್ತಿಗೂ ಪದರವಾಗಿ ಸಿಗುತ್ತದೆ!

ಬೂದಿಗಿಂತ ಗಂಧಕದ ಅನಿಲದ್ದೇ ದೊಡ್ಡ ಕಾಟ. ಅದು ಮೇಲೇರಿ ಮಬ್ಬು ಕವಿಸಿ ಬಿಸಿಲು ತಡೆಯುತ್ತದೆ. 1815ರಲ್ಲಿ ಇಂಡೋನೇಷ್ಯಾದ್ದೇ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಸರಿಯಾಗಿ ಬರಲಿಲ್ಲ, ಬೆಳೆ ಹೋಯಿತು. ತೋಬಾದ ಮುಂದೆ ಅದು ಚಿಕ್ಕದು. "ಹಂಗಾದ್ರ ನಮ್ಮದs ಛಲೋ," ಎಂದ ಹುಡುಗ. ಪೂರ್ತಿ ಒಪ್ಪಲಾರೆ. ಡೈನೋಸಾರ್‌ಗಳು ಅಳಿದದ್ದೂ ಹೆಚ್ಚುಕಡಿಮೆ ನಮ್ಮ ಲಾವಾ ಹರಿದ ಕಾಲದಲ್ಲೇ. ಮುಖ್ಯ ಹೊಡೆತ ಆಕಾಶದಿಂದ ಬಿದ್ದ ಕಲ್ಲಿನದು ಎನ್ನುವವರೇ ಜಾಸ್ತಿ, ಆದರೂ ಲಾವಾದ ಪಾಲೂ ಇರಬಹುದು ಎಂಬ ಅನುಮಾನ ಹೋಗಿಲ್ಲ.

ಕೃಷ್ಣೆ ದಾಟಿ ಕೆರೂರು ಹಾದು ಬಾದಾಮಿಗೆ ಬಂದರೆ ಕಲ್ಲು ಕೆಂಪು. ಇದು ಮರಳುಗಲ್ಲು, ಲಾವಾಕ್ಕಿಂತ ಎಷ್ಟೋ ಹಳೆಯದು. ಗುಹೆಯ ಮೆಟ್ಟಿಲು ಹತ್ತುವಾಗ ಬಂಡೆಯಲ್ಲಿ ಮರಳಿನ ಪದರಗಳು ಕಾಣುತ್ತವೆ. ಕೈಯಲ್ಲಿ ತಿಂಡಿ ಹಿಡಿಯಬೇಡಿ, ಮಂಗಗಳು ಬಿಡುವುದಿಲ್ಲ. ರೈಲಿಗೆ ಮರಳುವವರಿದ್ದರೆ ಸ್ಟೇಷನ್ ಊರಿಂದ ಸುಮಾರು 5 ಕಿಲೋಮೀಟರ್ ದೂರ. ಕತ್ತಲಾಗುವ ಮೊದಲೇ ಆಟೋ ಮಾತಾಡಿಕೊಳ್ಳಿ.