ಹಚ್ಚೆ ಹುಡುಕಿಕೊಂಡು ಹೋದ ಕ್ಯಾಮೆರಾ

‘ಟುನ್ನೀಟ್’ ಅನ್ನೋ ಸಾಕ್ಷ್ಯಚಿತ್ರ ನೋಡಿ ಮುಗಿಸಿದೆ. 2010ರದ್ದು. ಮಾಡಿದವರು ಅಲೀಥಿಯಾ ಅರ್ನಾಕುಕ್-ಬರಿಲ್, ಕೆನಡಾದ ತುತ್ತತುದಿಯ ಉತ್ತರದಲ್ಲಿರುವ ನುನಾವುಟ್‌ನ ಇನ್ಯುಯಿಟ್ (ಅಲ್ಲಿನ ಮೂಲನಿವಾಸಿ ಜನಾಂಗ) ಹೆಣ್ಣುಮಗಳು. ಅವರ ಕಡೆಯ ಹೆಂಗಸರು ಹಿಂದೆ ಮುಖಕ್ಕೆ, ಕೈಗೆ ಹಾಕಿಸಿಕೊಳ್ಳುತ್ತಿದ್ದ ಹಚ್ಚೆಯ ಕಥೆ ಇದು.

ಆ ಹಚ್ಚೆ ಹಾಕುತ್ತಿದ್ದ ರೀತಿಯೇ ಬೇರೆ. ಪ್ರಾಣಿಯ ಸ್ನಾಯುವಿನ ನಾರಿನಿಂದ ತೆಗೆದ ನೂಲನ್ನು ಎಣ್ಣೆದೀಪದ ಮಸಿಯಲ್ಲಿ ಅದ್ದಿ, ಸೂಜಿಗೆ ಪೋಣಿಸಿ, ಚರ್ಮದ ಅಡಿಯಿಂದ ಎಳೆಯುತ್ತಿದ್ದರು. ಅಕ್ಷರಶಃ ಹೊಲಿಗೆ. ಹೆಂಗಸರೇ ಹೆಂಗಸರಿಗೆ ಹಾಕುತ್ತಿದ್ದ ಕಲೆ. ಆಮೇಲೆ ಮಿಷನರಿಗಳು ಬಂದರು, ಇದು ಕೂಡದು ಅಂದರು. ಹೆಚ್ಚುಕಡಿಮೆ ಮರೆತೇ ಹೋಯಿತು.

ಅಲೀಥಿಯಾ ಗೆಳತಿ ಆಜು ಪೀಟರ್ ಜೊತೆ ಊರೂರು ತಿರುಗಿ ವಯಸ್ಸಾದವರನ್ನು ಮಾತಾಡಿಸುತ್ತಾರೆ. ತಾನೂ ಮುಖಕ್ಕೆ ಹಾಕಿಸಿಕೊಳ್ಳಲಾ ಬೇಡವಾ ಅನ್ನೋ ತಳಮಳವನ್ನು ಮುಚ್ಚಿಡುವುದಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಅದೇ.

ಮೊದಲೆಲ್ಲ ಹೊರಗಿನವರು ಬಂದು ಇವರನ್ನು ಚಿತ್ರಿಸಿಕೊಂಡು ಹೋಗುತ್ತಿದ್ದರು. ಇನ್ಯುಯಿಟ್ ಜನರ ಬಗ್ಗೆ ಹಾಗೆ ತೆಗೆದ 1922ರ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರದಲ್ಲಿ ಒಳಗೆ ಬೆಳಕು ಸಾಲದೆ ಅರ್ಧ ಇಗ್ಲೂ (ಹಿಮದ ಮನೆ) ಕಟ್ಟಿಸಿ ಶೂಟಿಂಗ್ ಮಾಡಿದ್ದರಂತೆ! ಇಲ್ಲಿ ಕೇಳುವವರೂ ಅವರೇ, ಹೇಳುವವರೂ ಅವರೇ. ಹೊರಗಿನವರ ಹತ್ತಿರ ಆ ಅಜ್ಜಿಯರು ಇಷ್ಟು ಮನಸ್ಸು ಬಿಚ್ಚುತ್ತಿದ್ದರಾ? ನನಗಂತೂ ಅನುಮಾನ. ಸಿಕ್ಕರೆ ಖಂಡಿತ ನೋಡಿ.