ಪ್ಲಗ್ ಕೂರಿಸುವಾಗ ಮೊದಲು ಬೆರಳು, ಆಮೇಲೆ ಪಾನಾ

ಪುಣೆಯ ನಿಗಡಿ ಪ್ರಾಧಿಕರಣದಲ್ಲಿ ನೆಲೆಸಿರುವ, ಜಮಖಂಡಿ ಕಡೆಯವರಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕಳೆದ ತಿಂಗಳು ನನಗೆ ಫೋನ್ ಮಾಡಿ, ತಮ್ಮ ಕಾರಿನ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಇಂಧನ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ಗಳನ್ನು ಮನೆಯಲ್ಲಿ ತಾವೇ ಬದಲಿಸಬಹುದೇ ಎಂದು ಕೇಳಿದರು. ಊರಿಗೆ ಹೋಗುವಾಗ ಖಂಬಾಟಕಿ ಘಾಟಿನ ಏರಿನಲ್ಲಿ ಗಾಡಿ ಎಳೆಯುತ್ತಿರಲಿಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಡುಗುತ್ತಿತ್ತು, ಹಿಂದಿನ ಸಲ ಪ್ಲಗ್ ಹಾಕಿಸಿದ ಮೇಲೆ ಕಾರು ನಲವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿತ್ತು. ಅದು ಸಿಎನ್‌ಜಿ ಕಿಟ್ ಇರುವ ಕಾರು. ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. "ಮಾಡಬಹುದ್ರಿ ಕಾಕಾ, ಆದರ ಮೊದಲನೇ ಸಲ ನಾನೂ ಬಾಜೂಕ ಇರ್ತೀನಿ" ಎಂದೆ. ಚಿಂಚವಡದ ಗ್ಯಾರೇಜುಗಳಲ್ಲಿ ಇಪ್ಪತ್ತು ವರ್ಷ ಕಳೆದವನು ಇಷ್ಟು ಸಣ್ಣ ಕೆಲಸಕ್ಕೆ ಪಕ್ಕದಲ್ಲಿ ನಿಲ್ಲುತ್ತೇನೆ ಎಂದದ್ದಕ್ಕೆ ಕಾರಣವಿದೆ. ಅದನ್ನು ಮೊದಲು ಹೇಳುತ್ತೇನೆ.

ನಾನು ಐಟಿಐ ಮುಗಿಸಿ ಪುಣೆಗೆ ಬಂದು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅದು. ಹೆದ್ದಾರಿಯಲ್ಲಿ ದೂರದಿಂದ ಓಡಿಬಂದ ಕಾರೊಂದು ಸಂಜೆ ಹೊತ್ತಿಗೆ ನಮ್ಮ ಗ್ಯಾರೇಜಿನೊಳಗೆ ನಿಂತಿತು. ಎಂಜಿನ್ ತಡೆತಡೆದು ಮಿಸ್ಸಿಂಗ್ ಹೊಡೆಯುತ್ತಿದೆ, ಪ್ಲಗ್ ಬದಲಿಸಿ ಕೊಡಿ, ಇಲ್ಲೇ ಕಾಯುತ್ತೇನೆ ಎಂದರು ಮಾಲೀಕರು. ಎಂಜಿನ್ ಆರಲಿ ಎಂದು ಕಾಯುವ ತಾಳ್ಮೆ ನನಗೆ ಇರಲಿಲ್ಲ. ಎರಡು ಪ್ಲಗ್ ಸರಾಗವಾಗಿ ಬಂದವು. ಮೂರನೆಯದು ಕಿರಗುಟ್ಟುತ್ತ, ತಡೆದು ತಡೆದು ಹೊರಬಂದಾಗಲೇ ನಾನು ನಿಲ್ಲಬೇಕಿತ್ತು. ನಿಲ್ಲದೆ ಹೊಸ ಪ್ಲಗ್ಗನ್ನು ಪಾನಾದ (ಸ್ಪ್ಯಾನರಿನ) ಸಾಕೆಟ್ಟಿಗೆ ಸಿಕ್ಕಿಸಿ, ರ್‍ಯಾಚೆಟ್ ಸಮೇತ ನೇರವಾಗಿ ಒಳಗಿಳಿಸಿ ತಿರುಗಿಸಿದೆ. ಎರಡು ಸುತ್ತಿಗೇ ಬಿಗಿಯಾಯಿತು. ಕಸ ಸಿಕ್ಕಿರಬೇಕೆಂದು ಭಾವಿಸಿ ಇನ್ನಷ್ಟು ಬಲ ಹಾಕಿದೆ. ಅಷ್ಟು ಹೊತ್ತು ಬಿಗಿಯಾಗಿದ್ದದ್ದು ಒಮ್ಮೆಲೇ ಸಡಿಲವಾಗಿ, ಪ್ಲಗ್ ಇದ್ದಲ್ಲೇ ಸುಮ್ಮನೆ ತಿರುಗತೊಡಗಿತು. ಹೊರಗೆ ತೆಗೆದು ನೋಡಿದರೆ ಅದರ ಥ್ರೆಡ್ಡಿನ, ಅಂದರೆ ತಿರುಪಿನ ಸುತ್ತುಗಳ, ಸಂದುಗಳಲ್ಲಿ ಬೆಳ್ಳಿಯ ಎಳೆಯಂತೆ ಅಲ್ಯೂಮಿನಿಯಂ ಸುತ್ತಿಕೊಂಡಿತ್ತು. ನಮ್ಮ ಫೋರ್‌ಮನ್ ಮರಾಠಿಯವರು. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ "ಆಟೆ ಗೇಲೆ" ಎಂದಷ್ಟೇ ಹೇಳಿದರು. ಪ್ಲಗ್ ಕೂರುವ ರಂಧ್ರದ ಥ್ರೆಡ್ ಹೋಗಿತ್ತು.

ಇಂಧನ ಉರಿಯುವ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಇಳಿಸಿ, ರಂಧ್ರವನ್ನು ದೊಡ್ಡದು ಮಾಡಿ, ಒಳಗೆ ಹೊಸ ಥ್ರೆಡ್ಡಿನ ಉಕ್ಕಿನ ಸುರುಳಿ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಮತ್ತೆ ಜೋಡಿಸಲು ಎರಡು ದಿನ ಹಿಡಿಯಿತು. ಖರ್ಚನ್ನು ಗ್ಯಾರೇಜೇ ಭರಿಸಿತು, ಕಾರಿನವರು ಎರಡು ದಿನ ಗಾಡಿಯಿಲ್ಲದೆ ಅಲೆದರು. ಫೋರ್‌ಮನ್ ನನ್ನನ್ನು ಬೈಯಲಿಲ್ಲ. ಗುಜರಿಗೆ ಹೋಗಲಿದ್ದ ಒಂದು ಹೆಡ್ಡನ್ನು ಬೆಂಚಿನ ಮೇಲೆ ಇಟ್ಟು, ಒಂದು ವಾರ ದಿನಾ ಕೆಲಸ ಶುರುವಾಗುವ ಮುನ್ನ ಅದರ ನಾಲ್ಕೂ ರಂಧ್ರಗಳಿಗೆ ಹಳೆಯ ಪ್ಲಗ್‌ಗಳನ್ನು ಬೆರಳಿನಿಂದ ಹಾಕಿ ತೆಗೆಯಲು ಹೇಳಿದರು. ಪಾನಾ ಮುಟ್ಟುವಂತಿರಲಿಲ್ಲ. ಆ ವಾರ ಬೆರಳಿಗೆ ಹತ್ತಿದ ವಿದ್ಯೆಯನ್ನೇ ನಾನು ಇಂದಿಗೂ ಹೊಸ ಹುಡುಗರಿಗೆ ಕಲಿಸುತ್ತಿದ್ದೇನೆ.

ತಪ್ಪು ಎಲ್ಲಿತ್ತು ಎಂಬುದು ಆಮೇಲೆ ತಿಳಿಯಿತು. ಪ್ಲಗ್ಗಿನ ಮೈ ಉಕ್ಕು, ಹೆಡ್ ಅಲ್ಯೂಮಿನಿಯಂ. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಮೆತ್ತಗೂ ಆಗುತ್ತದೆ. ಕಾದ ಹೆಡ್ಡಿನಲ್ಲಿ ಬಲ ಪ್ರಯೋಗಿಸಿದರೆ ಸೋಲುವುದು ಬಹುತೇಕ ಯಾವಾಗಲೂ ಹೆಡ್ಡಿನ ಥ್ರೆಡ್ಡೇ, ಮತ್ತು ಹೆಡ್ಡಿಗೆ ಹೋಲಿಸಿದರೆ ಅದರೊಳಗೆ ಕೂರುವ ಪ್ಲಗ್ ತೀರಾ ಅಗ್ಗದ ವಸ್ತು. ಅಗ್ಗದ ವಸ್ತುವನ್ನು ಹಾಕುವ ಅವಸರದಲ್ಲಿ ದುಬಾರಿ ವಸ್ತುವನ್ನು ಕಳೆದುಕೊಂಡವರನ್ನು ನಾನು ಆಮೇಲೆ ಹಲವು ಸಲ ಕಂಡಿದ್ದೇನೆ. ಅವರಲ್ಲಿ ಮನೆಯಲ್ಲಿ ಪ್ರಯತ್ನಿಸಿದವರಷ್ಟೇ ನಮ್ಮ ಕಸುಬಿನವರೂ ಇದ್ದಾರೆ.

ಕಾಕಾ ಅವರ ಮನೆಗೆ ಭಾನುವಾರ ಬೆಳಿಗ್ಗೆ ಹೋದೆ. ಹಿಂದಿನ ರಾತ್ರಿಯಿಂದ ಕಾರನ್ನು ಚಾಲೂ ಮಾಡಬಾರದೆಂದು ಹೇಳಿದ್ದೆ, ಅವರು ಹಾಲಿಗೂ ನಡೆದೇ ಹೋಗಿ ಬಂದಿದ್ದರು. ಪ್ಲಗ್‌ಗಳನ್ನು ಅವರೇ ನಾನಾ ಪೇಠೆಯ ಅಂಗಡಿಯಿಂದ ತಂದಿದ್ದರು. ಕಾರಿನ ಕೈಪಿಡಿಯಲ್ಲಿರುವ ನಂಬರಿಗೂ ಪೆಟ್ಟಿಗೆಯ ಮೇಲಿನ ನಂಬರಿಗೂ ಅಕ್ಷರ ಅಕ್ಷರ ತಾಳೆ ನೋಡಿದೆವು, ಏಕೆಂದರೆ ಆ ಸಂಖ್ಯೆಯೊಳಗೆ ಥ್ರೆಡ್ಡಿನ ಅಳತೆ ಮಾತ್ರವಲ್ಲದೆ ಪ್ಲಗ್ ಎಷ್ಟು ಬೇಗ ಶಾಖವನ್ನು ಹೆಡ್ಡಿಗೆ ದಾಟಿಸುತ್ತದೆ ಎಂಬ ಗುಣವೂ ಅಡಗಿರುತ್ತದೆ. ಪ್ಲಗ್ಗಿನ ತುದಿ ಸುಮಾರು 500 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ, ಮಿತಿಮೀರಿ ಕಾದರೆ ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಳ್ಳುತ್ತದೆ. ಅಂಗಡಿಯವರು "ಇದೂ ಕೂರುತ್ತದೆ" ಎಂದು ಕೊಡುವ ಬೇರೆ ನಂಬರಿನ ಪ್ಲಗ್ ಥ್ರೆಡ್ಡಿನಲ್ಲಿ ಕೂರುವುದೇನೋ ನಿಜ, ಆದರೆ ಅಷ್ಟರಿಂದ ಅದು ಆ ಎಂಜಿನ್ನಿನ ಪ್ಲಗ್ ಆಗುವುದಿಲ್ಲ.

ಮೊದಲು ಮೇಲಿನ ಕವರ್ ತೆಗೆದು, ಪ್ಲಗ್ಗಿಗೆ ವೋಲ್ಟೇಜ್ ಕೊಡುವ ಕಾಯಿಲ್ಲಿನ ವೈರ್ ಕನೆಕ್ಟರಿನ ಲಾಕ್ ಒತ್ತಿ ಬಿಡಿಸಿದೆವು. ಹಳೆಯ ಕಾರುಗಳಲ್ಲಿ ಈ ಪ್ಲಾಸ್ಟಿಕ್ ಒಣಗಿ ಹಪ್ಪಳದಂತಾಗಿರುತ್ತದೆ, ವೈರ್ ಹಿಡಿದು ಎಳೆಯಬಾರದು. ಕಾಯಿಲ್ಲನ್ನು ಎತ್ತುವ ಮೊದಲು ಅದರ ಸುತ್ತಲೂ, ಎತ್ತಿದ ಮೇಲೆ ಪ್ಲಗ್ ಕೂರುವ ಆಳದ ಕುಳಿಯೊಳಗೂ ಮೊಮ್ಮಗನ ಸೈಕಲ್ ಪಂಪಿನಿಂದ ಗಾಳಿ ಹೊಡೆದೆವು. ಅಲ್ಲಿ ಕೂತ ಧೂಳು, ಸಣ್ಣ ಹರಳು ಪ್ಲಗ್ ತೆಗೆದ ಕೂಡಲೇ ನೇರವಾಗಿ ಸಿಲಿಂಡರಿನೊಳಗೆ ಬೀಳುತ್ತದೆ. ನಾಲ್ಕನ್ನೂ ಒಟ್ಟಿಗೆ ಬಿಚ್ಚದೆ ಒಂದು ತೆಗೆದು ಒಂದು ಹಾಕುವ ಕ್ರಮವನ್ನು ಅನುಸರಿಸಿದೆವು.

ಇನ್ನು ನಾನು ಪಕ್ಕದಲ್ಲಿ ನಿಂತದ್ದು ಯಾವುದಕ್ಕಾಗಿಯೋ ಆ ಕೆಲಸ. ಹೊಸ ಪ್ಲಗ್ಗಿನ ಮೇಲ್ತುದಿಗೆ ಒಂದು ಗೇಣಿಗಿಂತ ತುಸು ಉದ್ದದ ರಬ್ಬರ್ ಪೈಪಿನ ತುಂಡನ್ನು ಸಿಕ್ಕಿಸಿ, ಕುಳಿಯೊಳಗೆ ಮೆಲ್ಲಗೆ ಇಳಿಸಲು ಹೇಳಿದೆ. ಕೈಜಾರಿ ಬಿದ್ದರೆ ಪಿಂಗಾಣಿ ಬಿರುಕು ಬಿಡಬಹುದು, ತುದಿಯಲ್ಲಿ ಕಿಡಿ ಹಾರುವ ಅಂತರ ಮುಚ್ಚಿಹೋಗಬಹುದು. ತಳ ಮುಟ್ಟಿದ ಮೇಲೆ ಮೊದಲು ಬಲಕ್ಕಲ್ಲ, ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ತಿರುಗಿಸಬೇಕು. ಹಾಗೆ ತಿರುಗಿಸುವಾಗ ಎರಡು ಥ್ರೆಡ್‌ಗಳ ತುದಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ಪ್ಲಗ್ ಕೂದಲೆಳೆಯಷ್ಟು ಕೆಳಗೆ ಕುಸಿಯುತ್ತದೆ, ಸದ್ದಿಗಿಂತ ಮೊದಲು ಅದು ಬೆರಳಿಗೆ ತಿಳಿಯುತ್ತದೆ. ಆ ಕುಸಿತ ಸಿಕ್ಕ ಮೇಲೆಯೇ ಬಲಕ್ಕೆ ತಿರುಗಿಸಬೇಕು. ಕಾಕಾ ಮೂರು ಸಲ ತಿರುಗಿಸಿ "ತಿಳೀವಲ್ತು ತಮ್ಮಾ" ಎಂದರು. ನಾಲ್ಕನೆಯ ಸಲ ಕಣ್ಣು ಮುಚ್ಚಿಕೊಂಡು ತಿರುಗಿಸಿ "ಹಾಂ, ಇಲ್ಲೈತಿ" ಎಂದರು.

ಅವರ ಕಾರಿನ ಪ್ಲಗ್ಗಿಗೆ ಥ್ರೆಡ್ಡಿನ ಉದ್ದ 19 ಮಿಲಿಮೀಟರ್, ಪ್ರತಿ ಸುತ್ತಿನಲ್ಲಿ ಅದು ಒಳಗಿಳಿಯುವುದು 1.25 ಮಿಲಿಮೀಟರ್. ಹಾಗಾಗಿ ಬೆರಳಿನಲ್ಲೇ ಸುಮಾರು ಹದಿನೈದು ಸುತ್ತು ಹೋಗಬೇಕು. ಐದಕ್ಕೋ ಆರಕ್ಕೋ ಬಿಗಿಯಾದರೆ ವಾರೆಯಾಗಿ ಹತ್ತಿದೆ ಎಂದೇ ಅರ್ಥ, ಹೊರತೆಗೆದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ರಬ್ಬರ್ ಪೈಪಿನ ಗುಣ ಇಲ್ಲೇ ಕೆಲಸಕ್ಕೆ ಬರುವುದು. ಪ್ಲಗ್ ತಡೆದರೆ ಪೈಪ್ ಅದರ ಮೇಲೆ ಜಾರುತ್ತದೆಯೇ ಹೊರತು ಥ್ರೆಡ್ಡನ್ನು ಕೊರೆಯುವಷ್ಟು ಬಲವನ್ನು ದಾಟಿಸುವುದಿಲ್ಲ. ಕಬ್ಬಿಣದ ಪಾನಾಕ್ಕೆ ಈ ವಿವೇಕವಿಲ್ಲ.

ಬೆರಳಿಗೆ ಇನ್ನು ಸಾಗದು ಎಂದಾದ ಮೇಲೆ ಟಾರ್ಕ್ ವ್ರೆಂಚ್, ಅಂದರೆ ಗೊತ್ತುಮಾಡಿದ ಬಿಗಿ ಬಂದಾಗ ಕಟ್ ಎನ್ನುವ ಪಾನಾ. ಅಲ್ಯೂಮಿನಿಯಂ ಹೆಡ್ಡಿಗೆ 14 ಮಿಲಿಮೀಟರ್ ಥ್ರೆಡ್ಡಿನ, ವಾಷರ್ ಇರುವ ಪ್ಲಗ್ ಆದರೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್ ಬಿಗಿ ಸಾಕು, 12 ಮಿಲಿಮೀಟರಿನದಕ್ಕೆ ಇನ್ನೂ ಕಡಿಮೆ. ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಸರಿ. ವ್ರೆಂಚ್ ಇಲ್ಲದವರು ಅಂಥ ಹೊಸ 14 ಮಿಲಿಮೀಟರ್ ಪ್ಲಗ್ಗನ್ನು ಬೆರಳಿನ ಬಿಗಿಯ ನಂತರ ಅರ್ಧ ಸುತ್ತಿನಿಂದ ಸುತ್ತಿನ ಮೂರನೇ ಎರಡು ಭಾಗದವರೆಗೆ ತಿರುಗಿಸಿದರೆ ವಾಷರ್ ಚಪ್ಪಟೆಯಾಗಿ ಕೂರುತ್ತದೆ. ಅದೇ ಪ್ಲಗ್ಗನ್ನು ತೆಗೆದು ಮತ್ತೆ ಹಾಕುವಾಗ ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು, ಏಕೆಂದರೆ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ. ಥ್ರೆಡ್ಡಿಗೆ ಗ್ರೀಸ್ ಸವರುವ ಅಭ್ಯಾಸ ನಮ್ಮ ಕಸುಬಿನಲ್ಲಿ ಅನೇಕರಿಗೆ ಇದೆ. ಈಗಿನ ಪ್ಲಗ್‌ಗಳಿಗೆ ಲೋಹದ ಲೇಪ ಇರುವುದರಿಂದ ಅದು ಬೇಕಿಲ್ಲ, ಸವರಿದರೆ ಜಾರಿಕೆ ಹೆಚ್ಚಿ, ವ್ರೆಂಚ್ ತೋರಿಸುವ ಅಂಕಿಗಿಂತ ಹೆಚ್ಚು ಬಿಗಿ ಬೀಳುತ್ತದೆ. "ಇಷ್ಟ ಸಾಕೇನು? ಸ್ವಲ್ಪ ಇನ್ನೂ ಜಗ್ಗಲೇನು?" ಎಂದು ಕಾಕಾ ಪ್ರತಿ ಪ್ಲಗ್ಗಿಗೂ ಕೇಳಿದರು. ವ್ರೆಂಚ್ ಕಟ್ ಎಂದ ಮೇಲೆ ಕೈ ತೆಗೆಯುವುದೇ ಹೊಸಬರಿಗೆ ಎಲ್ಲಕ್ಕಿಂತ ಕಷ್ಟ, ನಮ್ಮ ಗ್ಯಾರೇಜಿನ ಹುಡುಗರಿಗೂ ಹಾಗೆಯೇ.

ತೆಗೆದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಹಳೆಯ ಪೇಪರಿನ ಮೇಲೆ ಸಾಲಾಗಿ ಇಟ್ಟು ಒಂದು, ಎರಡು, ಮೂರು, ನಾಲ್ಕು ಎಂದು ಬರೆಸಿದ್ದೆ. ತುದಿಯ ಮೂಲೆಗಳು ಸವೆದು ದುಂಡಗಾಗಿದ್ದವು. ಗೇಜ್ ಹಾಕಿ ನೋಡಿದರೆ ಅಂತರ 1.1 ಮಿಲಿಮೀಟರಿನಿಂದ 1.4ಕ್ಕೆ ಹೋಗಿತ್ತು. ಅಂತರ ಹೆಚ್ಚಿದಷ್ಟೂ ಕಿಡಿ ಹಾರಿಸಲು ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕು. ಗ್ಯಾಸಿನ ಮೇಲೆ ಓಡುವಾಗ ಪೆಟ್ರೋಲಿಗಿಂತಲೂ ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ, ಘಾಟಿನಲ್ಲಿ ಗಾಡಿ ಸೋತದ್ದೂ, ಪೆಟ್ರೋಲಿಗೆ ಬದಲಿಸಿದಾಗ ಸ್ವಲ್ಪ ಸುಧಾರಿಸಿದ್ದೂ ಇದೇ ಕಾರಣಕ್ಕೆ. ಪಿಂಗಾಣಿಯ ಬುಡದಲ್ಲಿ, ಲೋಹದ ಅಂಚಿನ ಮೇಲೆ ಕಂದು ಬಣ್ಣದ ಉಂಗುರದಂಥ ಕಲೆ ಕಂಡು ಕಾಕಾ ಗ್ಯಾಸ್ ಸೋರಿದೆಯೇ ಎಂದು ಗಾಬರಿಯಾದರು. ಅದು ಸೋರಿಕೆಯಲ್ಲ. ಗಾಳಿಯಲ್ಲಿರುವ ಎಣ್ಣೆಯ ಕಣಗಳನ್ನು ಹೆಚ್ಚಿನ ವೋಲ್ಟೇಜ್ ಎಳೆದುಕೊಂಡು ಅಲ್ಲಿ ಅಂಟಿಸುತ್ತದೆ, ಪ್ಲಗ್ಗಿಗೆ ಅದರಿಂದ ತೊಂದರೆಯಿಲ್ಲ.

ಒಂದು, ಎರಡು, ನಾಲ್ಕನೆಯ ಪ್ಲಗ್‌ಗಳ ತುದಿ ಒಣಗಿ ತಿಳಿ ಕಂದಾಗಿತ್ತು, ಅಂದರೆ ಉರಿ ಸರಿಯಾಗಿದೆ. ಮೂರನೆಯದರ ತುದಿಯೂ ಹಾಗೆಯೇ ಇತ್ತು, ಆದರೆ ಮೇಲಿನ ಆರುಮೂಲೆಯ ಭಾಗ ಎಂಜಿನ್ ಆಯಿಲ್‌ನಿಂದ ಒದ್ದೆಯಾಗಿತ್ತು, ಕಾಯಿಲ್ಲಿನ ರಬ್ಬರಿಗೂ ಜಿಡ್ಡು ಹತ್ತಿತ್ತು. ಎಣ್ಣೆ ಸಿಲಿಂಡರಿನ ಒಳಗಿಂದ ಬಂದಿದ್ದರೆ ತುದಿ ಒದ್ದೆಯಾಗುತ್ತಿತ್ತು. ಇದು ಮೇಲಿನಿಂದ, ಹೆಡ್ಡಿನ ಮೇಲಿನ ಮುಚ್ಚಳವಾದ ವಾಲ್ವ್ ಕವರಿನ ಕೊಳವೆಯ ಸೀಲಿನಿಂದ ಕುಳಿಯೊಳಗೆ ಇಳಿದ ಎಣ್ಣೆ. ಪ್ಲಗ್ ಬಿಚ್ಚುವ ಮೊದಲೇ ಕುಳಿಯನ್ನು ಬಟ್ಟೆಯಿಂದ ಒರೆಸಿ ತೆಗೆದಿದ್ದೆವು, ರಬ್ಬರನ್ನೂ ಒರೆಸಿ ಸದ್ಯಕ್ಕೆ ಜೋಡಿಸಿದೆವು. ಕೀ ತಿರುಗಿಸಿದಾಗ ಎಂಜಿನ್ ನಡುಗದೆ ಓಡಿತು.

ಕಾಕಾ ಕೈ ತೊಳೆಯುವ ಮೊದಲೇ ಮೂರನೆಯ ಪ್ಲಗ್ಗನ್ನು ಪೇಪರಿನಲ್ಲಿ ಸುತ್ತಿ, ಆ ಸೀಲ್ ಬದಲಿಸಲು ಏನೇನು ಬಿಚ್ಚಬೇಕೆಂದು ಕೇಳಿದರು. ವಾಲ್ವ್ ಕವರ್ ಇಳಿಸಬೇಕು, ಗ್ಯಾಸ್ಕೆಟ್ ಮತ್ತು ಸೀಲ್‌ಗಳ ಸೆಟ್ ತರಬೇಕು ಎಂದು ಆ ಪೇಪರಿನ ಅಂಚಿನಲ್ಲೇ ಬರೆದುಕೊಟ್ಟೆ. ಬರುವ ಭಾನುವಾರ ಆ ಕೆಲಸ ಇಟ್ಟುಕೊಂಡಿದ್ದೇವೆ. ಎಂಜಿನ್ನನ್ನು ರಾತ್ರಿಯೇ ಆರಿಸಿ ಇಡಲು ಈ ಸಲ ನಾನು ಹೇಳಬೇಕಾಗಿಲ್ಲ.